ನಾಲ್ಕು ಡೈಮನ್ ಬಂದಾವು, ಐದನೇದ್ದು ಬರ್ತೈತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ಸಂಚಿಕೆ ಕೇಳಿ ಇಳಕಲ್‌ನಿಂದ ಒಬ್ಬರು ವಾಯ್ಸ್ ನೋಟ್ ಕಳಿಸಿದ್ದರು. ಹದಿನೈದೇ ಸೆಕೆಂಡ್. "ಅಣ್ಣಾ, ಪೋಕರ್‌ದಾಗ ನನ್ನ ಕೈಯಾಗ ಎರಡು ಡೈಮನ್ ಅದಾವು. ಟೇಬಲ್ ಮ್ಯಾಲೆ ಮತ್ತೆರಡು ಡೈಮನ್ ಬಿದ್ದಾವು. ಐದನೇದ್ದು ಬರ್ತೈತೋ ಇಲ್ಲೋ? ಒಂದು ನಂಬರ್ ಹೇಳಿಬಿಡು."

ಹೇಳ್ತೀನಿ. ಆದರೆ ಈ ಪ್ರಶ್ನೆಗೆ ಒಂದಲ್ಲ, ಎರಡು ನಂಬರ್ ಇವೆ. ಒಂದು ನೂರಕ್ಕೆ 35, ಇನ್ನೊಂದು ನೂರಕ್ಕೆ 20ರ ಹತ್ತಿರ. ಎರಡೂ ಸರಿ. ಯಾವುದು ಯಾವಾಗ ಅನ್ನೋದರಲ್ಲಿ ಎಡವಿದ್ದಕ್ಕೇ ನನ್ನ ಗೆಳೆಯನೊಬ್ಬನ ಅವ್ವನ ಬೋರಮಾಳ ಸರ ಅಡ ಬಿತ್ತು. ಅವನ ಕಥೆ ಆಮೇಲೆ. ಮೊದಲು ಎಲೆ ಹಂಚೋಣ.

ನಮ್ಮ ಕಡೆ ಪೋಕರ್ ಯಾರೂ ಸಣ್ಣವರಿದ್ದಾಗ ಕಲಿತದ್ದಲ್ಲ. ಇಸ್ಪೀಟ್ ಅಂದರೆ ಮೂರೆಲೆ, ರಮ್ಮಿ, ಇಲ್ಲವೇ ಅಂದರ್-ಬಾಹರ್. ಪಂಚಮಿ ಬಂತೆಂದರೆ ಒಂದು ಕಡೆ ಜೋಕಾಲಿ, ಒಂದು ಕಡೆ ಕೊಬ್ಬರಿ ಬಟ್ಟಲು, ಇನ್ನೊಂದು ಕಡೆ ನಿಂಬೆಹಣ್ಣು ಎಸೆಯೋ ಪಂದ್ಯ. ಇವೆಲ್ಲದರ ಹಿಂದೆ ಯಾವುದೋ ಕಟ್ಟೆಯ ಮೇಲೆ ಎಲೆ ಕಲೆಸೋ ಸಪ್ಪಳ. ನನಗೆ ಮೂರೆಲೆ ಕಲಿಸಿದ್ದು ಬಾದಾಮಿಯ ನಮ್ಮ ಸೋದರಮಾವ. ಎಲೆ ಹಂಚಿದ ಮೇಲೆ ನಾನು ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದರೆ ಬೈಯುತ್ತಿದ್ದ: "ಎಷ್ಟ ಸಲ ನೋಡ್ತಿಯೋ? ನೋಡಿದ್ರ ಎಕ್ಕಾ ಮರಿ ಹಾಕ್ತೈತೇನು?"

ಮಾವನ ಮಾತು ಮೂರೆಲೆಗೆ ನೂರಕ್ಕೆ ನೂರು ನಿಜ. ಅಲ್ಲಿ ಬಂದ ಎಲೆ ಬಂದ ಹಾಗೇ ಇರುತ್ತದೆ. 52 ಎಲೆಯಿಂದ ಮೂರು ಎಲೆಯ ಕೈಗಳು ಒಟ್ಟು 22,100. ಅದರಲ್ಲಿ ಮೂರೂ ಒಂದೇ ನಂಬರಿನ ಟ್ರಯಲ್ 52 ಮಾತ್ರ, ಅಂದರೆ 425 ಸಲಕ್ಕೊಮ್ಮೆ. ಜೋಡಿ 3,744, ನೂರಕ್ಕೆ 17. ಏನೂ ಆಗದ, ಬರೀ ದೊಡ್ಡ ಎಲೆ ನೋಡಿ ಸಮಾಧಾನ ಮಾಡಿಕೊಳ್ಳೋ ಕೈ 16,440. ನಾಲ್ಕರಲ್ಲಿ ಮೂರು ಸಲ ನಿಮಗೆ ಬರೋದು ಇದೇ.

ಹಾಗಾಗಿ ಮೂರೆಲೆ ಆಡಿ ಬೆಳೆದವರ ಕಣ್ಣಿಗೆ ಜೋಡಿ ಅಂದರೆ ಭಾರೀ ಎಲೆ, ಕಲರ್ ಅಂದರೆ ಹಬ್ಬ. ಅದೇ ಕಣ್ಣು ತಗೊಂಡು ಪೋಕರ್‌ಗೆ ಹೋದರೆ ತೊಂದರೆ ಶುರು. ಪೋಕರ್‌ನಲ್ಲಿ ಕೊನೆಗೆ ಏಳು ಎಲೆಯಿಂದ ಒಳ್ಳೆಯ ಐದನ್ನು ಆರಿಸಿಕೊಳ್ಳುತ್ತೀರಿ. ಏಳು ಎಲೆಯಲ್ಲಿ ಒಂದೇ ಜೋಡಿ ಆಗೋದು ನೂರಕ್ಕೆ ಸುಮಾರು 44 ಸಲ, ಎರಡು ಜೋಡಿ 23.5 ಸಲ. ಜೋಡಿ ಅಲ್ಲಿ ದಿನದ ರೊಟ್ಟಿ-ಪಲ್ಯ, ಹೋಳಿಗೆ ಅಲ್ಲ.

ಇನ್ನೊಂದು ಮಜಾ ನೋಡ್ರಿ. ಮೂರೆಲೆಯಲ್ಲಿ ಸೀಕ್ವೆನ್ಸ್ ಕಲರನ್ನು ಹೊಡೆಯುತ್ತದೆ. ಪೋಕರ್‌ನಲ್ಲಿ ಉಲ್ಟಾ, ಕಲರ್ ಸೀಕ್ವೆನ್ಸನ್ನು ಹೊಡೆಯುತ್ತದೆ. ಎಷ್ಟೋ ಹುಡುಗರು ಮೊದಲ ದಿನ ಇದಕ್ಕೇ ಜಗಳ ಮಾಡಿದ್ದಾರೆ, ನಾನೂ ಮಾಡಿದ್ದೇನೆ. ಯಾರೋ ಮನಸ್ಸಿಗೆ ಬಂದಂತೆ ಮಾಡಿದ ನಿಯಮ ಅಲ್ಲ ಅದು, ಎಣಿಕೆ. ಮೂರು ಎಲೆಯಲ್ಲಿ ಸೀಕ್ವೆನ್ಸ್ 720 ರೀತಿ, ಕಲರ್ 1,096 ರೀತಿ. ಸೀಕ್ವೆನ್ಸ್ ಅಪರೂಪ, ಆದ್ದರಿಂದ ಮೇಲು. ಐದು ಎಲೆಗೆ ಬಂದರೆ ಸೀಕ್ವೆನ್ಸ್ 10,200, ಕಲರ್ 5,108. ಕಲರ್ ಅಪರೂಪ ಆಯಿತು, ಸ್ಥಾನ ಅದಲು ಬದಲು.

ಸರಿ, ಈಗ ಪೋಕರ್. ಎಲ್ಲರೂ ಫೋನಿನಲ್ಲಿ ನೋಡಿರೋದು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬನಿಗೂ ಮುಚ್ಚಿದ ಎರಡು ಎಲೆ. ಆಮೇಲೆ ಎಲ್ಲರಿಗೂ ಸೇರಿ ನಡುವೆ ಐದು ಎಲೆ ತೆರೆಯುತ್ತಾರೆ: ಮೊದಲು ಒಟ್ಟಿಗೇ ಮೂರು, ಅದು ಫ್ಲಾಪ್, ನಂತರ ಒಂದು, ಟರ್ನ್, ಕೊನೆಗೆ ಒಂದು, ರಿವರ್. ಪ್ರತಿ ಹಂತದಲ್ಲೂ ದುಡ್ಡು ಹಾಕೋದು ಅಥವಾ ಎಲೆ ಬಿಸಾಕೋದು. ಮೂರೆಲೆಯಲ್ಲಿ ಇಲ್ಲದ ಒಂದು ವಸ್ತು ಇಲ್ಲಿ ಇದೆ. ಆಸೆ. ಕೈ ಇನ್ನೂ ಸುಧಾರಿಸಬಹುದು. ಆ ಆಸೆಯನ್ನು ಅಳತೆ ಮಾಡೋದೇ ಇವತ್ತಿನ ವಿಷಯ.

ಮೊದಲ ಎರಡು ಎಲೆ 1,326 ರೀತಿ ಬರಬಹುದು. ಎರಡು ಎಕ್ಕ ಬರೋದು 221 ಸಲಕ್ಕೊಮ್ಮೆ. ಯಾವುದಾದರೂ ಒಂದು ಜೋಡಿ 17 ಸಲಕ್ಕೊಮ್ಮೆ. ನಿಮಗೆ ಎರಡು ಎಂಟು ಬಂದವು ಅನ್ನಿ. ಫ್ಲಾಪ್‌ನಲ್ಲಿ ಮೂರನೇ ಎಂಟು ಬೀಳೋ ಸಾಧ್ಯತೆ ಎಷ್ಟು?

ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು, ಕ್ಯಾಲ್ಕುಲೇಟರ್ ಸಾಕು. ಉಳಿದದ್ದು 50 ಎಲೆ, ಅಂದರೆ 50 ಜಾಗ. ನಿಮಗೆ ಬೇಕಾದ ಎರಡು ಎಂಟು ಆ 50 ಜಾಗದಲ್ಲಿ ಎಲ್ಲೋ ಕೂತಿವೆ. ಫ್ಲಾಪ್‌ಗೆ 3 ಜಾಗ ಹೋದರೆ ಉಳಿದದ್ದು 47. ಮೊದಲನೇ ಎಂಟು ನಿಮಗೆ ಕೈಕೊಡಬೇಕಾದರೆ ಆ 47ರಲ್ಲಿ ಕೂತಿರಬೇಕು: 50ಕ್ಕೆ 47. ಎರಡನೇದ್ದೂ ಕೈಕೊಡಬೇಕಾದರೆ ಉಳಿದ 49 ಜಾಗದ ಪೈಕಿ 46ರಲ್ಲಿ: 49ಕ್ಕೆ 46. ಎರಡನ್ನೂ ಗುಣಿಸಿದರೆ 0.882. ಅಂದರೆ ನೂರಕ್ಕೆ 88 ಸಲ ಬರೋದಿಲ್ಲ, ಸುಮಾರು 12 ಸಲ ಬರುತ್ತದೆ. ಎಂಟೂವರೆ ಸಲಕ್ಕೊಮ್ಮೆ. ಐದೂ ಎಲೆ ತೆರೆಯೋವರೆಗೆ ಕಾದರೂ ನೂರಕ್ಕೆ 19.

ನಂಬಿಕೆ ಬರದಿದ್ದರೆ ಒಂದು ಕಟ್ಟು ತಗೊಳ್ಳಿ. ಎರಡು ಎಂಟು ಪಕ್ಕಕ್ಕಿಟ್ಟು, ಉಳಿದದ್ದು ಕಲೆಸಿ ಮೂರು ತೆಗೀರಿ. ಮತ್ತೆ ಕಲೆಸಿ, ಮತ್ತೆ ತೆಗೀರಿ. ನಲವತ್ತು ಸಲ ಮಾಡೋವಷ್ಟರಲ್ಲಿ ಬೇಸರ ಬರುತ್ತದೆ. ಆ ಬೇಸರವೇ ಪಾಠ. ರೀಲ್ಸ್‌ನಲ್ಲಿ ತೋರಿಸೋದು ಎಂಟು ಬಿದ್ದ ಸಲದ್ದು ಮಾತ್ರ.

ಇಲ್ಲೇ ಒಂದು ಮಾತು. "ಹತ್ತು ಸಲ ಜೋಡಿ ಬಂತು, ಒಮ್ಮೆನೂ ಮೂರನೇದ್ದು ಬೀಳಲಿಲ್ಲ, ಈಗ ಬೀಳಲೇಬೇಕು" ಅಂತಾರೆ. ಹತ್ತು ಜೋಡಿಗೂ ಫ್ಲಾಪ್ ಖಾಲಿ ಹೋಗೋದು ಏನೂ ವಿಶೇಷ ಅಲ್ಲ, ನೂರಕ್ಕೆ 29 ಸಲ ಹಾಗೇ ಆಗುತ್ತದೆ. ಇಪ್ಪತ್ತು ಜೋಡಿಗೂ ಖಾಲಿ ಹೋಗೋದು ನೂರಕ್ಕೆ 8 ಸಲ. ಹುನಗುಂದ ಬಸ್ ಸ್ಟ್ಯಾಂಡ್‌ನಲ್ಲಿ ಅರ್ಧ ತಾಸು ಕಾದಿದ್ದೀರಿ ಅಂದರೆ ಇಳಕಲ್ ಬಸ್ ಹತ್ತಿರ ಬಂದಿರುತ್ತದೆ, ಯಾಕಂದರೆ ಬಸ್ ಎಲ್ಲಿಂದಲೋ ಹೊರಟಿರುತ್ತದೆ. ಎಲೆ ಎಲ್ಲಿಂದಲೂ ಹೊರಟಿಲ್ಲ. ಕಲೆಸಿದ ಕೂಡಲೇ ಹಳೇ ಲೆಕ್ಕ ಅಲ್ಲಿಗೆ ಮುಗೀತು.

ಜೋಡಿ ಇಲ್ಲದ ಒಳ್ಳೆ ಕೈ, ಎಕ್ಕ-ರಾಜ ತಗೊಳ್ಳಿ. ಚಂದ ಕಾಣುತ್ತದೆ. ಆದರೆ ಫ್ಲಾಪ್‌ನಲ್ಲಿ ಇನ್ನೊಂದು ಎಕ್ಕ ಅಥವಾ ರಾಜ ಬೀಳೋದು ನೂರಕ್ಕೆ 32 ಸಲ. ಮೂರರಲ್ಲಿ ಎರಡು ಸಲ ಬರೀ ಎಕ್ಕ, ಬರೀ ರಾಜ ಇಟ್ಟುಕೊಂಡು ಕೂರಬೇಕು. ಐದೂ ಎಲೆ ನೋಡಿದರೆ 49 ಸಲ. ಎರಡೂ ಒಂದೇ ಜಾತಿ ಇದ್ದರೆ? "ಅಯ್ಯೋ, ಎರಡೂ ಡೈಮನ್!" ಅಂತ ಕುಣಿಯೋರಿದ್ದಾರೆ. ಬೇರೆ ಬೇರೆ ಜಾತಿಯ ಎಕ್ಕ-ರಾಜ ಒಬ್ಬ ಎದುರಾಳಿಯ ಯಾವುದೋ ಒಂದು ಕೈಯ ಮುಂದೆ ನೂರಕ್ಕೆ 65ರಷ್ಟು ಗಟ್ಟಿ. ಒಂದೇ ಜಾತಿಯದಾದರೆ 67. ಎರಡೇ ಅಂಕ. ಎರಡು ಡೈಮನ್ ಹಿಡಿದು ಹೊರಟರೆ ಫ್ಲಾಪ್‌ನಲ್ಲೇ ಕಲರ್ ಆಗೋದು 119 ಸಲಕ್ಕೊಮ್ಮೆ. ಕೊನೆಯವರೆಗೆ ಕೂತರೂ ನೂರಕ್ಕೆ 6.4 ಸಲ. ಫ್ಲಾಪ್‌ನಲ್ಲಿ ಇನ್ನೆರಡು ಡೈಮನ್ ಬಿದ್ದು ನಾಲ್ಕಾಗೋದು ಮಾತ್ರ ನೂರಕ್ಕೆ 11. ಒಂಬತ್ತು ಸಲಕ್ಕೊಮ್ಮೆ ಆ ಆಸೆ ಹುಟ್ಟುತ್ತದೆ. ಇಳಕಲ್‌ನವರು ಕೇಳಿದ ಜಾಗ ಇದೇ.

ಈಗ ಅವರ ಉತ್ತರ. ಕಟ್ಟಿನಲ್ಲಿ 13 ಡೈಮನ್. ನಾಲ್ಕು ಕಂಡಿವೆ, 9 ಉಳಿದವು. ಕಾಣದ ಎಲೆ 47. (ಎದುರಿನವನ ಕೈಯಲ್ಲೇ ಎರಡು ಡೈಮನ್ ಇದ್ದರೆ ಅಂತ ಕೇಳಬೇಡಿ. ನಮಗೆ ಕಾಣದ ಎಲೆ ಕಟ್ಟಿನಲ್ಲಿರಲಿ, ಅವನ ಕೈಯಲ್ಲಿರಲಿ, ಲೆಕ್ಕಕ್ಕೆ ಒಂದೇ.) ಟರ್ನ್‌ನಲ್ಲಿ ಬರೋದು 47ಕ್ಕೆ 9, ನೂರಕ್ಕೆ 19. ಅಲ್ಲಿ ಬರದಿದ್ದರೆ ರಿವರ್‌ನಲ್ಲಿ 46ಕ್ಕೆ 9, ನೂರಕ್ಕೆ 19.6. ಐದಕ್ಕೊಂದು ಅನ್ನಿ. ಎರಡೂ ಎಲೆ ಸೇರಿ ಒಮ್ಮೆಯಾದರೂ ಬರೋದು ನೂರಕ್ಕೆ 35, ಮೂರಕ್ಕೊಂದಕ್ಕಿಂತ ಒಂಚೂರು ಹೆಚ್ಚು.

ನೆನಪಿಡೋಕೆ ಸುಲಭದ ದಾರಿ ಇದೆ. ಬೇಕಾದ ಎಲೆ ಎಷ್ಟು ಉಳಿದಿವೆ ಎಣಿಸಿ. ಎರಡು ಎಲೆ ಬರೋದಿದ್ದರೆ ನಾಲ್ಕರಿಂದ ಗುಣಿಸಿ, ಒಂದೇ ಬರೋದಿದ್ದರೆ ಎರಡರಿಂದ. ಡೈಮನ್‌ಗೆ 36 ಮತ್ತು 18, ಹತ್ತಿರ ಹತ್ತಿರ ಸರಿ. ಐದು-ಆರು-ಏಳು-ಎಂಟು ಇದ್ದು ಎರಡೂ ತುದಿಗೆ ಕಾಯುತ್ತಿದ್ದರೆ ಬೇಕಾದದ್ದು 8 ಎಲೆ: 32. ನಿಜವಾದ ಲೆಕ್ಕ 31.5. ನಡುವಿನ ಒಂದೇ ನಂಬರ್ ಬೇಕಿದ್ದರೆ 4 ಎಲೆ: 16, ನಿಜ 16.5.

ಇಲ್ಲಿವರೆಗೆ ಯೂಟ್ಯೂಬ್‌ನಲ್ಲೂ ಸಿಗುತ್ತದೆ. ನನ್ನ ಗೆಳೆಯನೂ ಅಲ್ಲೇ ಕಲಿತ. ಊರು ಹುನಗುಂದ, ಕೆಲಸ ಇಳಕಲ್‌ನ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ. ಹೆಸರು ಬೇಡ, ಕಥೆ ಹೇಳು ಅಂತ ಅವನೇ ಅಂದಿದ್ದಾನೆ. ಪಾಳಿ ಮುಗಿಸಿ ಬಂದು ರಾತ್ರಿ ಆ್ಯಪ್‌ನಲ್ಲಿ ಪೋಕರ್. ಎಂಟು ತಿಂಗಳಲ್ಲಿ 62,000 ರೂಪಾಯಿ ಹೋಯಿತು. ಕೊನೆಯ 25,000ಕ್ಕೆ ಅವ್ವನ ಬೋರಮಾಳ ಸರ ಅಡ ಇಟ್ಟ, ಬೈಕ್ ರಿಪೇರಿ ಅಂತ ಹೇಳಿ.

ಒಂದು ದಿನ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದ. "ಲೇ, ಆ್ಯಪ್‌ನವರು ಮೋಸ ಮಾಡ್ತಾರ. ನಾಲ್ಕು ಒಂದೇ ಜಾತಿ ಕೊಟ್ಟು ಐದನೇದ್ದು ಕೊಡಂಗಿಲ್ಲ. ನೀ ಬಿ.ಕಾಂ. ಮಾಡೀದಿ, ಲೆಕ್ಕ ತಗದು ತೋರಸು, ಕಂಪ್ಲೇಂಟ್ ಕೊಡೋಣ." ಆಡಿದ ಪ್ರತಿ ಆಟದ ದಾಖಲೆ ಡೌನ್‌ಲೋಡ್ ಮಾಡಿ ತಂದಿದ್ದ. ಎರಡು ರಾತ್ರಿ ಕೂತು ಎಕ್ಸೆಲ್‌ಗೆ ಹಾಕಿದೆ. ಟರ್ನ್ ಆದ ಮೇಲೆ ನಾಲ್ಕು ಒಂದೇ ಜಾತಿ ಹಿಡಿದು ಅವನು ದುಡ್ಡು ಹಾಕಿದ ಸಾಲುಗಳನ್ನೆಲ್ಲ ಬೇರೆ ಮಾಡಿದೆ. ಐದನೇದ್ದು ಎಷ್ಟು ಸಲ ಬಂದಿತ್ತು ಗೊತ್ತಾ? ಸರಿಸುಮಾರು ಐದಕ್ಕೊಮ್ಮೆ.

ಎಲೆ ಮೋಸ ಮಾಡಿರಲಿಲ್ಲ. ಎಷ್ಟು ಬರಬೇಕೋ ಅಷ್ಟೇ ಬಂದಿತ್ತು. ಅವನ ತಲೆಯಲ್ಲಿ ಕೂತಿದ್ದು 35, ದುಡ್ಡು ಹಾಕುತ್ತಿದ್ದ ಹೊತ್ತಿನಲ್ಲಿ ಇದ್ದದ್ದು 20. ಎರಡು ಎಲೆಯ ರೇಟು ಕೊಟ್ಟು ಒಂದೇ ಎಲೆ ಕೊಳ್ಳುತ್ತಿದ್ದ.

ರೂಪಾಯಿಯಲ್ಲಿ ಹೇಳ್ತೀನಿ. ನಡುವೆ 100 ರೂಪಾಯಿ ಬಿದ್ದಿದೆ. ಎದುರಿನವ 50 ಹಾಕಿದ. ಈಗ 150. ನೀವು ಮುಂದುವರಿಯಬೇಕಾದರೆ 50 ಹಾಕಬೇಕು. ಹಾಕಿದ ಮೇಲೆ ಒಟ್ಟು 200, ಅದರಲ್ಲಿ ನಿಮ್ಮದು 50, ಅಂದರೆ ನಾಲ್ಕನೇ ಒಂದು ಪಾಲು. ಆದ್ದರಿಂದ ನೂರಕ್ಕೆ 25 ಸಲವಾದರೂ ಗೆದ್ದರೆ ಮಾತ್ರ ಅಸಲು ಹುಟ್ಟುತ್ತದೆ. ಟರ್ನ್ ಆಗಿದೆ, ಉಳಿದದ್ದು ರಿವರ್ ಒಂದೇ, ನಿಮ್ಮ ಹತ್ತಿರ ಇರೋದು 19.6. ಬಂದರೆ ಸಿಗೋದು 150, ಬರದಿದ್ದರೆ ಹೋಗೋದು 50. 46 ಸಲದಲ್ಲಿ 9 ಸಲ ಗೆಲುವು, 37 ಸಲ ಸೋಲು. ಸರಾಸರಿ ತೆಗೆದರೆ ಪ್ರತಿ ಸಲ ಸುಮಾರು 11 ರೂಪಾಯಿ ಲುಕ್ಸಾನು. ಆ ಒಂದು ಕೈ ಗೆದ್ದರೂ ಲುಕ್ಸಾನೇ, ಯಾಕಂದರೆ ಅದೇ ಬೆಲೆಗೆ ನೀವು ಮತ್ತೆ ಮತ್ತೆ ಕೊಳ್ಳುತ್ತೀರಿ.

ಈಗ ಅದೇ ನಾಲ್ಕು ಡೈಮನ್, ಅದೇ 50 ರೂಪಾಯಿ, ಆದರೆ ಫ್ಲಾಪ್ ಹಂತ. ಎದುರಿನವ ತನ್ನ ಹತ್ತಿರ ಉಳಿದಿದ್ದ 50ನ್ನೂ ಪೂರ್ತಿ ಹಾಕಿಬಿಟ್ಟ. ಇನ್ನು ಯಾರೂ ದುಡ್ಡು ಕೇಳೋ ಹಾಗಿಲ್ಲ, ಎರಡೂ ಎಲೆ ಒಂದೇ ರೇಟಿಗೆ ನೋಡಬಹುದು. ಇಲ್ಲಿ 35 ನಿಮ್ಮದೇ. ಸರಾಸರಿ 20 ರೂಪಾಯಿ ಲಾಭ. ಎಲೆ ಒಂದೇ, ಹಾಕೋ ದುಡ್ಡು ಒಂದೇ. ಒಂದು ಕಡೆ 20 ಬರುತ್ತದೆ, ಇನ್ನೊಂದು ಕಡೆ 11 ಹೋಗುತ್ತದೆ.

ಆಡಿ ಪಳಗಿದವರು ಇಲ್ಲಿ ತಕರಾರು ತೆಗೀತಾರೆ: "ಕಲರ್ ಬಂದ ಮೇಲೆ ಅವನಿಂದ ಇನ್ನಷ್ಟು ಹಾಕಿಸ್ತೀನಲ್ಲ?" ನ್ಯಾಯವಾದ ಪ್ರಶ್ನೆ. ಮೇಲಿನ ಲೆಕ್ಕದಲ್ಲಿ ಕಲರ್ ಬಂದಾಗಲೆಲ್ಲ ಸರಾಸರಿ ಇನ್ನೂ 56 ರೂಪಾಯಿ ಅವನಿಂದ ಬಂದರೆ ಸಮ ಆಗುತ್ತದೆ. ಆದರೆ ಟೇಬಲ್ ಮೇಲೆ ಮೂರು ಡೈಮನ್ ಬಿದ್ದದ್ದು ಅವನಿಗೂ ಕಾಣುತ್ತದೆ. ಮೇಲಾಗಿ ನಿಮ್ಮದು ಸಣ್ಣ ಡೈಮನ್ ಇದ್ದು, ಅವನ ಹತ್ತಿರ ಎಕ್ಕ ಡೈಮನ್ ಇದ್ದರೆ ಕಲರ್ ಬಂದೇ ಸೋಲುತ್ತೀರಿ. ಕೈ ಸುಧಾರಿಸೋದು ಬೇರೆ, ಗೆಲ್ಲೋದು ಬೇರೆ. ಎರಡು ಎಕ್ಕ ಒಬ್ಬನ ಮುಂದೆ ನೂರಕ್ಕೆ 85 ಸಲ ಗೆಲ್ಲುತ್ತವೆ. ಎಂಟು ಜನ ಕೊನೆವರೆಗೆ ಕೂತರೆ ಅದೇ ಎರಡು ಎಕ್ಕ 35ಕ್ಕೆ ಇಳಿಯುತ್ತವೆ. ನೀವು ಸುಧಾರಿಸೋ ಹಾಗೆ ಅವರೂ ಸುಧಾರಿಸುತ್ತಾರಲ್ರೀ.

ಇದರ ಮೇಲೆ ಆ್ಯಪ್‌ನ ಕಮಿಷನ್. ಗೆದ್ದ ದುಡ್ಡಿನಿಂದ ಪ್ರತಿ ಸಲ ಒಂದು ಪಾಲು. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ 30 ಪರ್ಸೆಂಟ್ ಟಿಡಿಎಸ್, ಅದೇ ಅಕ್ಟೋಬರ್‌ನಿಂದ 2025ರವರೆಗೆ ಹಾಕೋ ದುಡ್ಡಿನ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು. ಸೋತವನಿಗೆ ಟಿಡಿಎಸ್ ಚಿಂತೆ ಇಲ್ಲ ಬಿಡಿ. ಆದರೆ 25 ಸಲ ಗೆದ್ದರೆ ಸಮ ಅಂತ ಹೇಳಿದ್ದೆನಲ್ಲ, ಕಮಿಷನ್ ಮುರಿದ ಮೇಲೆ 25 ಸಾಲೋದಿಲ್ಲ.

"ಇದು ಅದೃಷ್ಟದ್ದಾ, ಬುದ್ಧಿದ್ದಾ?" ಅಂತ ಕೋರ್ಟ್‌ಗಳೂ ತಲೆ ಕೆಡಿಸಿಕೊಂಡಿವೆ. 1968ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಅಂದಿತು. ಅದೇ ತೀರ್ಪಿನಲ್ಲಿ ಮೂರೆಲೆಯನ್ನು ಬರೀ ಅದೃಷ್ಟ ಅಂತ ಪಕ್ಕಕ್ಕಿಟ್ಟಿತು. ನಮ್ಮ ಮಾವ ಓದಿದ್ದರೆ ಸಿಟ್ಟಾಗುತ್ತಿದ್ದ. ಪೋಕರ್ ಬಗ್ಗೆ 2013ರಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಅಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ ಪೋಕರನ್ನು ಜೂಜು ಅಂದಿತು. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತು. ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೆಯನ್ನೇ ಬದಿಗಿಟ್ಟು, ಹಣ ಕಟ್ಟಿ ಆಡಿಸೋ ಆನ್‌ಲೈನ್ ಆಟಕ್ಕೆಲ್ಲ ನಿಷೇಧ. ನಡೆಸೋವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡೋವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಕಾಯ್ದೆ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು.

ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಆದರೆ ಗೆಳೆಯನ ಟೆಲಿಗ್ರಾಂಗೆ ಈಗಲೂ ಲಿಂಕ್ ಬರುತ್ತವೆ, ಎಲ್ಲಿಯದು, ಯಾರದು ಗೊತ್ತಿಲ್ಲದ ಸೈಟ್‌ಗಳದ್ದು. ಅಲ್ಲಿ ಎಲೆ ಐದಕ್ಕೊಮ್ಮೆ ಬರುತ್ತದೆ ಅಂತ ನಾನು ಎಕ್ಸೆಲ್ ಹಾಕಿ ಹೇಳೋಕೂ ಆಗಲ್ಲ. ನಿಮಗೂ ರಾತ್ರಿ ಹನ್ನೊಂದಕ್ಕೆ ಕೈ ತುರಿಸುತ್ತಿದ್ದರೆ, ಸಾಲ ಆಗಿದ್ದರೆ, ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ. ಕನ್ನಡದಲ್ಲೇ ಮಾತಾಡಬಹುದು. ಗೆಳೆಯ ಮಾಡಿದ, ಎರಡನೇ ಸಲ ಹೇಳಿದ ಮೇಲೆ.

ಹೋದ ಭಾನುವಾರ ಅವನು ಬಾಗಲಕೋಟೆಗೆ ಬಂದಿದ್ದ. ನವನಗರದ ನನ್ನ ರೂಮಿನಲ್ಲಿ ನಾಲ್ಕು ಜನ ಕೂತು ಹೋಲ್ಡೆಮ್ ಆಡಿದೆವು, ಪಣಕ್ಕೆ ಹುರಿದ ಶೇಂಗಾ. ಟರ್ನ್ ಆದಾಗ ನಡುವೆ 40 ಶೇಂಗಾ ಇತ್ತು. ನಾನು 20 ಹಾಕಿದೆ. ಅವನು ತನ್ನ ಎರಡು ಎಲೆ ನೋಡಿದ, ಟೇಬಲ್ ನೋಡಿದ, ತುಟಿಯಲ್ಲೇ ಏನೋ ಎಣಿಸಿದ, ಎಲೆ ಎಸೆದುಬಿಟ್ಟ. ಎರಡೂ ಡೈಮನ್. ರಿವರ್ ತೆಗೆದರೆ ಡೈಮನ್ ರಾಣಿ.

"ಛೇ, ಹಾಕಬೇಕಾಗಿತ್ತಲ್ಲೋ!" ಅಂದ ಪಕ್ಕದಲ್ಲಿದ್ದವ.

"ಇಪ್ಪತ್ತಕ್ಕ ಐದಕ್ಕೊಂದು ಗಿಟ್ಟಂಗಿಲ್ಲ" ಅಂದ ಗೆಳೆಯ, ತನ್ನ ಪಾಲಿನ ಒಂದು ಶೇಂಗಾ ಸುಲಿದು ಬಾಯಿಗೆ ಹಾಕಿಕೊಂಡು. ಸರ ಇನ್ನೂ ಬಿಡಿಸಿಲ್ಲ. ನಾಲ್ಕು ಕಂತು ಬಾಕಿ ಅದಾವು.